ದಾರಿ ತೋರುವ ಪೆಟ್ಟಿಗೆ

ಭಕ್ತರೊಬ್ಬರು ನಮ್ಮ ಕಾರಿಗೆ ದಾರಿ ತೋರುವ, ಹಾಡು ಕೇಳಿಸುವ ಯಂತ್ರವೊಂದನ್ನು ಗಂಗಾವತಿಯಲ್ಲಿ ಕೂಡಿಸಿಕೊಟ್ಟರು. ಕಾರು ನಿಂತೊಡನೆ ಅದು ಎಲ್ಲವನ್ನೂ ಮರೆಯುತ್ತಿತ್ತು. ಬ್ಯಾಟರಿಯಿಂದ ಸದಾ ವಿದ್ಯುತ್ತು ಪಡೆಯಬೇಕಾದ ಹಳದಿ ತಂತಿಯೂ, ಕೀಲಿ ತಿರುವಿದಾಗ ಮಾತ್ರ ಪಡೆಯಬೇಕಾದ ಕೆಂಪು ತಂತಿಯೂ ಅದಲುಬದಲಾಗಿದ್ದುವು. ಅದನ್ನು ಸರಿಪಡಿಸಿದರೂ ನಕ್ಷೆ ಚಲಿಸಲಿಲ್ಲ. ಲೋಹದ ಮರೆಯಲ್ಲಿದ್ದ ಆಂಟೆನಾವನ್ನು ಮುಂಗಾಜಿನ ಬಳಿ ಆಕಾಶಾಭಿಮುಖವಾಗಿ ಇರಿಸಿದ ಮೇಲೆ ಚಲಿಸಿತು. 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳಲ್ಲಿ ಕನಿಷ್ಠ 4ರ ಸಂಕೇತ ದೊರೆಯದೆ ಅದಕ್ಕೆ ತನ್ನ ನೆಲೆ ಖಚಿತವಾಗದು.

ಮಳೆಗಾಲದ ಒಂದಿರುಳು ಯಲಬುರ್ಗಾ ಸೀಮೆಯಲ್ಲಿ ಮರಣಶಯ್ಯೆಯಲ್ಲಿದ್ದ ಹಿರಿಯರನ್ನು ಕಾಣಲು ಹೊರಟಿದ್ದೆವು. ಯಂತ್ರವು ಹತ್ತಿರದ ದಾರಿಯನ್ನೇ ತೋರಿತು. ಕುರಿಗಾಹಿಯೊಬ್ಬನು ತಡೆದು, “ಅಜ್ಜಾರ, ಮುಂದ ಹಳ್ಳ ಬಂದೈತ್ರಿ, ಮ್ಯಾಲಿನ ದಾರಿ ಹಿಡೀರಿ” ಎಂದನು. ಹಿರಿಯರ ಕಣ್ಣು ಮುಚ್ಚುವ ಮೊದಲೇ ತಲುಪಿದೆವು. ಯಂತ್ರವನ್ನೂ ಕೇಳೋಣ, ಊರವರನ್ನು ಕೇಳುವುದನ್ನು ಬಿಡದಿರೋಣ.