ಎರೆನಾಡಿನ ಮತ್ಸ್ಯವಿನೋದ

ಕಡಲನ್ನು ಕಾಣಬೇಕಾದರೆ ಸಹ್ಯಾದ್ರಿಯನ್ನಿಳಿದು ಪಶ್ಚಿಮಕ್ಕೋ ತೆಲಂಗಾಣವನ್ನು ಹಾಯ್ದು ಪೂರ್ವಕ್ಕೋ ಬಹುದೂರ ಪ್ರಯಾಣ ಮಾಡಬೇಕಾದ, ಕಣ್ಣು ಹಾಯ್ದಷ್ಟಕ್ಕೂ ತೊಗರಿ ಜೋಳಗಳ ಕರಿಯ ಹೊಲಗಳೇ ಹರಡಿಕೊಂಡಿರುವ, ವೈಶಾಖದ ಬಿಸಿಲಿಗೆ ಎರೆಭೂಮಿಯು ಬಿರಿದು ಬಾಯ್ದೆರೆಯುವ ಕಲಬುರಗಿಯ ಸೀಮೆಯಲ್ಲಿ ಹುಟ್ಟಿ ಬೆಳೆದವನೊಬ್ಬನು ಗಾಳ ಹಾಕಿ ಮೀನು ಹಿಡಿಯುವುದನ್ನು ತನ್ನ ಜೀವಿತದ ಪರಮಸುಖಗಳಲ್ಲೊಂದೆಂದು ಹೇಳಿದರೆ ಕೇಳಿದವರು ವಿಸ್ಮಯಪಡುವುದು ಸಹಜವೇ ಸರಿ. ಮೀನೆಂದೊಡನೆ ಮಲ್ಪೆಯ ದಕ್ಕೆ, ಮಂಗಳೂರಿನ ಅಳಿವೆ, ಕಾರವಾರದ ಕಡಲತೀರಗಳು ನೆನಪಾಗುವ ಲೋಕಕ್ಕೆ ಈ ಸೀಮೆಯ ನಮ್ಮ ಮಹಾಗಾಂವದ ಹೆಸರು ನೆನಪಾಗುವುದಾದರೂ ಹೇಗೆ? ಆದರೆ ನೀರು ವಿರಳವಾದ ನಾಡಿನಲ್ಲಿಯೇ ನೀರಿನ ಮೇಲಣ ಪ್ರೀತಿಯು ಗಾಢವಾಗಿರುವುದೆಂಬುದನ್ನು ನಾನು ಬಲ್ಲೆನು. ಆ ಪ್ರೀತಿಯು ನನ್ನಲ್ಲಿ ಬಿದಿರಿನ ಕೋಲು, ಒಂದೆಳೆ ದಾರ ಮತ್ತು ಕಿರುಬೆರಳಿನ ಉಗುರಿನಷ್ಟು ಬಾಗಿದ ಉಕ್ಕಿನ ಕೊಕ್ಕೆಯ ರೂಪವನ್ನು ತಾಳಿದೆ.

ಕಡಲು ನಮಗೆ ದೂರವಾದರೂ ನಮ್ಮ ನೀರಿಗೆ ಅಪರಿಚಿತವಲ್ಲ. ಬೆಳಕೋಟಾ ಗ್ರಾಮದ ಬಳಿ ಅಣೆಕಟ್ಟಿನಿಂದ ತಡೆಯಲ್ಪಟ್ಟು ಜಲಾಶಯವಾಗಿ ನಿಂತಿರುವ ಗಂಡೋರಿ ನಾಲೆಯು ಅಲ್ಲಿಂದ ಮುಂದೆ ಹರಿದು ಬೆಣ್ಣೆತೊರೆಯನ್ನೂ, ಬೆಣ್ಣೆತೊರೆಯು ಕಾಗಿಣೆಯನ್ನೂ, ರಾಷ್ಟ್ರಕೂಟರ ಮಾನ್ಯಖೇಟವು ಯಾವ ಹೊಳೆಯ ದಡದಲ್ಲಿ ಮೆರೆದಿತ್ತೋ ಆ ಕಾಗಿಣೆಯು ಭೀಮೆಯನ್ನೂ, ಭೀಮೆಯು ಕೃಷ್ಣೆಯನ್ನೂ ಸೇರಿ ಕಟ್ಟಕಡೆಗೆ ಬಂಗಾಳ ಕೊಲ್ಲಿಯಲ್ಲಿ ಲೀನವಾಗುತ್ತದೆ. ಮಹಾಗಾಂವದ ಹೊಲದ ಬದುವಿನಿಂದ ಇಳಿದ ಮಳೆಯ ನೀರು ಇಷ್ಟು ದೊಡ್ಡ ಯಾತ್ರೆಯನ್ನು ಕೈಕೊಳ್ಳುವುದೆಂಬ ಅರಿವು ದಂಡೆಯ ಮೇಲೆ ಕುಳಿತವನ ಮನಸ್ಸಿಗೆ ಒಂದು ವಿಸ್ತಾರವನ್ನು ಕೊಡುತ್ತದೆ.

ದಂಡೆಯ ಬದುಕಿಗೆ ತನ್ನದೇ ಆದ ದಿನಚರಿಯುಂಟು. ಇನ್ನೂ ಬೆಳಕು ಹರಿಯುವ ಮುನ್ನವೇ ರಾತ್ರಿ ಬಿಟ್ಟ ಬಲೆಗಳನ್ನು ಎತ್ತಲು ಬಲೆಗಾರರು ತೆಪ್ಪವನ್ನು ನೂಕಿಕೊಂಡು ಹೋಗುತ್ತಾರೆ. ಅವರು ಮರಳಿ ಬರುವ ಹೊತ್ತಿಗೆ ಕಮಲಾಪುರದ ಕಡೆಯಿಂದಲೂ ಕಲಬುರಗಿಯ ಕಡೆಯಿಂದಲೂ ಬೈಕಿನ ಹಿಂದೆ ಬುಟ್ಟಿ ಕಟ್ಟಿಕೊಂಡ ವ್ಯಾಪಾರಿಗಳು ಕಾದು ನಿಂತಿರುತ್ತಾರೆ. ತಕ್ಕಡಿ ಏರಿಳಿಯುತ್ತದೆ, ದರದ ಚೌಕಾಸಿ ಮುಗಿಯುತ್ತದೆ, ಬಿಸಿಲೇರುವುದರೊಳಗೆ ಆ ಸಂತೆಯು ಕರಗಿಹೋಗುತ್ತದೆ. ಅನಂತರ ಕುರಿಗಾಹಿಗಳು ಹಿಂಡನ್ನು ನೀರಿಗೆ ಹೊಡೆದುಕೊಂಡು ಬರುವರು. ಹೆಂಗಸರು ಬಟ್ಟೆಯ ಗಂಟುಗಳನ್ನಿಳಿಸಿ ಕಲ್ಲು ಹುಡುಕುವರು. ಪಂಪು ನೋಡಲು ಬಂದ ರೈತನು ಬೀಡಿ ಹಚ್ಚಿ ಕ್ಷಣಕಾಲ ನನ್ನ ಗಾಳದ ಬೆಂಡನ್ನು ನೋಡುತ್ತ ನಿಲ್ಲುವನು. ಒಂದೇ ನೀರಿನ ಸುತ್ತ ವಾಸಿಸುವವರ ನಡುವೆ ಏರ್ಪಡುವ ನೆರೆಹೊರೆಯು ಒಂದೇ ಗೋಡೆಯನ್ನು ಹಂಚಿಕೊಂಡವರ ನೆರೆಹೊರೆಗಿಂತ ಬಲವಾದುದೆಂದು ನನಗೆ ತೋರುತ್ತದೆ. ಏಕೆಂದರೆ ಗೋಡೆಯ ಎರಡು ಮಗ್ಗುಲಿನವರು ಪರಸ್ಪರ ಮರೆಯಾಗಿಯೂ ಬದುಕಬಹುದು, ನೀರಿನ ಎರಡು ದಡದವರು ಸದಾ ಒಬ್ಬರಿಗೊಬ್ಬರು ಕಾಣುತ್ತಲೇ ಇರಬೇಕು.

ಈ ನೀರಿನ ಮೀನನ್ನು ನಂಬಿ ಒಲೆ ಹೊತ್ತಿಸುವವರು ಬಲೆಗಾರರು. ನನ್ನಂಥವನದು ವಿನೋದ ಮಾತ್ರ. ಆದುದರಿಂದ ಅವರ ಒಪ್ಪಿಗೆಯನ್ನು ಪಡೆದು, ಅವರ ಬಲೆಯ ಸಾಲಿನಿಂದ ದೂರದಲ್ಲಿ, ಮುಳುಗಡೆಯ ಹೊಲದ ಹಳೆಯ ಬದುವೊಂದು ನೀರಿನೊಳಕ್ಕೆ ಚಾಚಿಕೊಂಡಿರುವ ಎಡೆಯಲ್ಲಿ ನಾನು ಕೂಡುವುದು. ಸಾಮಗ್ರಿಯೆಂಬುದು ಬಹಳವಿಲ್ಲ, ಆದರೆ ಅದನ್ನು ಸಿದ್ಧಪಡಿಸಿಕೊಳ್ಳುವುದರಲ್ಲಿಯೇ ಅರ್ಧ ಸುಖವಿದೆ. ನೆಳಲಿನಲ್ಲಿ ನಿಧಾನವಾಗಿ ಒಣಗಿಸಿ, ಗೆಣ್ಣುಗಳನ್ನು ಸವರಿ, ಎಣ್ಣೆಯುಣಿಸಿದ ಬಿದಿರಿನ ಕೋಲು; ನೀರಿನ ಬಣ್ಣಕ್ಕೆ ಹೊಂದಿಕೊಳ್ಳುವ ಸಣ್ಣ ನೈಲಾನ್ ದಾರ; ಸೀಸದ ಸಣ್ಣ ಗುಂಡು; ಒಣಗಿದ ಜೋಳದ ದಂಟಿನೊಳಗಣ ಬೆಂಡು ಅಥವಾ ನವಿಲುಗರಿಯ ದಂಡಿನ ತುಂಡು. ಈ ಕೊನೆಯದನ್ನು ನಾನು ವಿಶೇಷವಾಗಿ ಪ್ರೀತಿಸುತ್ತೇನೆ: ನೀರಿನ ಮೇಲೆ ಅದು ನೆಟ್ಟಗೆ ನಿಂತು, ಕೆಳಗೆ ಅಗೋಚರವಾದ ಲೋಕದಲ್ಲಿ ನಡೆಯುವ ಅತ್ಯಲ್ಪ ಚಲನೆಯನ್ನೂ ಮೇಲಿನ ಲೋಕಕ್ಕೆ ವರದಿ ಮಾಡುತ್ತದೆ. ವೈಣಿಕನು ತಂತಿಯ ಬಿಗಿತವನ್ನು ಬೆರಳಿನಿಂದಲೇ ಅಳೆಯುವಂತೆ ಗಾಳಗಾರನು ದಾರದ ಬಿಗಿತವನ್ನು ಬೆರಳಿನಿಂದಲೇ ಅಳೆಯಬೇಕು; ಸಡಿಲವಾದರೆ ಸುದ್ದಿ ತಲಪದು, ಬಿಗಿಯಾದರೆ ಮೀನಿಗೆ ಸಂಶಯ ಹುಟ್ಟುವುದು.

ಇನ್ನು ಮೀನುಗಳ ಸ್ವಭಾವವನ್ನು ಅರಿಯುವುದೇ ಒಂದು ಶಾಸ್ತ್ರಾಭ್ಯಾಸ. ಮೇಲ್ಮುಖವಾದ ಬಾಯಿಯುಳ್ಳ ದೊಡ್ಡ ತಲೆಯ ಕಾಟ್ಲವು ಮೇಲುನೀರಿನಲ್ಲಿ ಮೇಯುವುದು; ಅಂಚು ಕಟ್ಟಿದ ತುಟಿಯ ರೋಹುವಿಗೆ ನಡುನೀರೇ ನೆಲೆ; ಮೃಗಾಲವು ತಳದ ಕೆಸರನ್ನು ಕೆದಕುತ್ತ ಗುಳ್ಳೆಗಳ ಸಾಲನ್ನು ಮೇಲಕ್ಕೆ ಕಳುಹಿಸುತ್ತದೆ. ಒಂದೇ ಜಲರಾಶಿಯಲ್ಲಿ ಮೂರು ಅಂತಸ್ತುಗಳನ್ನು ಮಾಡಿಕೊಂಡು, ಒಂದರ ಅನ್ನಕ್ಕೆ ಇನ್ನೊಂದು ಕೈಯಿಕ್ಕದೆ ಬಾಳುವ ಈ ಮೂರು ಕುಲಗಳ ಸಹವಾಸವನ್ನು ಕಂಡುಕೊಂಡೇ ನಮ್ಮ ಕೆರೆಗಳಿಗೆ ಅವುಗಳ ಮರಿಗಳನ್ನು ಒಟ್ಟಾಗಿ ಬಿಡುತ್ತಾರೆ. 1952ರಲ್ಲಿ ಭಾರತಕ್ಕೆ ತರಲ್ಪಟ್ಟ ತಿಲಾಪಿಯಾ, ಜನ ಜಿಲೇಬಿ ಎಂದು ಕರೆಯುವ ಮೀನು, ಬೆಂಡನ್ನು ಮೇಲಿಂದ ಮೇಲೆ ಕುಟುಕಿ ಕೆಣಕುತ್ತದೆ. ಅದರ ತಾಯಿ ತತ್ತಿಗಳನ್ನು ಬಾಯಲ್ಲಿಟ್ಟುಕೊಂಡು ಕಾಪಾಡುತ್ತಾಳೆ. ಕೊರವ ಮೀನಾದರೋ ಜೊಂಡಿನ ಮರೆಯಲ್ಲಿ ನಿಶ್ಚಲವಾಗಿ ನಿಂತಿದ್ದು ಒಮ್ಮೆಗೇ ಎರಗುತ್ತದೆ. ಗಾಳಿಯನ್ನು ನೇರವಾಗಿ ಉಸಿರಾಡಬಲ್ಲ ಅದು ಆಗಾಗ ಮೇಲೆ ಬಂದು ಗುಟುಕು ಗಾಳಿಯನ್ನು ಹೀರಿ ಹೋಗುವಾಗ ಎಬ್ಬಿಸುವ ಸಣ್ಣ ಸದ್ದನ್ನು ಗುರುತಿಸುವ ಕಿವಿ ಅಭ್ಯಾಸದಿಂದ ಮಾತ್ರ ಬರುವಂಥದು.

ಈ ವಿನೋದಕ್ಕೆ ನಮ್ಮ ನಾಡಿನಲ್ಲಿಯೇ ಒಬ್ಬ ರಾಜಾಚಾರ್ಯನಿದ್ದನೆಂಬುದು ನನಗೆ ಅಪಾರವಾದ ಹೆಮ್ಮೆಯ ಸಂಗತಿ. ಮಹಾಗಾಂವಕ್ಕೆ ದೂರವಲ್ಲದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಮಗನೂ ಭೂಲೋಕಮಲ್ಲನೆಂಬ ಬಿರುದನ್ನು ಹೊತ್ತವನೂ ಆದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ರಾಜ್ಯವನ್ನು ಪಡೆಯುವುದರಿಂದ ಮೊದಲ್ಗೊಂಡು ಪಾಕ, ಸಂಗೀತ, ಚಿತ್ರ, ಆನೆ ಕುದುರೆಗಳವರೆಗೆ ನೂರು ಅಧ್ಯಾಯಗಳಲ್ಲಿ ವಿಸ್ತರಿಸಿಕೊಂಡ ಆ ಮಹಾಗ್ರಂಥದ ವಿನೋದ ವಿಂಶತಿಯೆಂಬ ಭಾಗದಲ್ಲಿ ‘ಮತ್ಸ್ಯವಿನೋದ’ವೆಂಬುದೂ ಒಂದು. ಅರಸನು ಅಲ್ಲಿ ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆಯುಳ್ಳವು ಯಾವುವು, ಬರಿಯ ತೊಗಲಿನವು ಯಾವುವು ಎಂದು ವಿಂಗಡಿಸುತ್ತಾನೆ. ದಾರಕ್ಕೆ ಯಾವ ನಾರು, ಕೋಲು ಎಂಥದು, ಯಾವ ಮೀನಿಗೆ ಯಾವ ಎರೆ ಎಂಬುದನ್ನು ತಾನೇ ಕುಳಿತು ನೋಡಿದವನ ಖಚಿತತೆಯಿಂದ ವಿವರಿಸುತ್ತಾನೆ. ಇಂಗ್ಲೆಂಡಿನ ಗಾಳಗಾರರು ತಮ್ಮ ಆದಿಗುರುವಿನಂತೆ ಗೌರವಿಸುವ ಐಸಾಕ್ ವಾಲ್ಟನನ ಗ್ರಂಥವು ಬೆಳಕು ಕಂಡುದು 1653ರಲ್ಲಿ. ನಮ್ಮ ಸೋಮೇಶ್ವರನು ಅದಕ್ಕಿಂತ ಐದು ಶತಮಾನಗಳಷ್ಟು ಹಿಂದಿನವನು. 1951ರಲ್ಲಿ ಪ್ರಾಣಿಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು ಈ ಅಧ್ಯಾಯವನ್ನು ಕುರಿತು ವಿಸ್ತಾರವಾಗಿ ಬರೆದು ಮತ್ಸ್ಯವಿಜ್ಞಾನಿಗಳ ಗಮನವನ್ನು ಇತ್ತ ಸೆಳೆದರು. ಸೋಮೇಶ್ವರನು ಗತಿಸಿದ ಕೆಲವೇ ದಶಕಗಳಲ್ಲಿ ಕಲ್ಯಾಣದ ಶರಣರ ನಡುವೆ ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನು ತನ್ನ ನಿಷ್ಠುರ ವಚನಗಳನ್ನು ನುಡಿದನು. ನೀರಿನ ಮೇಲಣ ಅನುಭವದಿಂದ ಒಬ್ಬ ಚಕ್ರವರ್ತಿಯೂ ಒಬ್ಬ ಅಂಬಿಗನೂ ಒಂದೇ ಶತಮಾನದಲ್ಲಿ ಮಾತನ್ನು ಪಡೆದ ನಾಡು ನಮ್ಮದು.

ಆ ಅಧ್ಯಾಯದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಹಿಡಿದುದು ಗಾಳದ ವಿಷಯವಲ್ಲ, ಅದಕ್ಕೆ ಮುಂಚಿನ ಪೋಷಣೆಯ ವಿಷಯ. ಹಿಡಿಯುವ ಮುನ್ನ ಮೀನುಗಳಿಗೆ ಉಣಿಸಬೇಕು; ಅವುಗಳ ಕುಲಕ್ಕೆ ತಕ್ಕ ಆಹಾರವನ್ನು ನೀರಿಗೆ ಸಲ್ಲಿಸಿ ಅವು ನಿರ್ಭಯವಾಗಿ ಬಂದು ಪುಷ್ಟಿಗೊಳ್ಳುವಂತೆ ಮಾಡಬೇಕು. ತಂತ್ರವೆಂದು ನೋಡಿದರೆ ಇದು ತಂತ್ರವೇ. ಇಂದಿಗೂ ಜಗತ್ತಿನ ಅನೇಕ ಗಾಳಗಾರರು ಮಾಡುವುದು ಇದನ್ನೇ. ಆದರೆ ಅಭ್ಯಾಸವು ಬೆಳೆದಂತೆಲ್ಲ ಇದು ತಂತ್ರವನ್ನು ಮೀರಿದ ಧರ್ಮವಾಗಿ ನನಗೆ ಕಂಡಿತು. ಶೇಂಗಾ ಹಿಂಡಿಯನ್ನು ಕುಟ್ಟಿ, ಜೋಳದ ಹಿಟ್ಟಿನೊಡನೆ ಕಲಸಿ, ಮುಷ್ಟಿಗಾತ್ರದ ಉಂಡೆಗಳನ್ನು ಕಟ್ಟಿ ಸಂಜೆಯ ಹೊತ್ತು ನೀರಿಗೆ ಬಿಟ್ಟು, ಗಾಳವನ್ನು ಮುಟ್ಟದೆ, ಸುಮ್ಮನೆ ನೋಡುತ್ತ ಕೂಡುವ ದಿನಗಳಲ್ಲಿ ನಾನು ಕಲಿತಷ್ಟನ್ನು ಹಿಡಿದ ದಿನಗಳಲ್ಲಿ ಕಲಿಯಲಿಲ್ಲ. ಯಾವ ಗಾಳಿಗೆ ಮೀನು ದಡಕ್ಕೆ ಬರುತ್ತದೆ, ಯಾವ ಮೋಡಕ್ಕೆ ಆಳಕ್ಕೆ ಇಳಿಯುತ್ತದೆ, ನೀರು ಇಳಿಮೊಗವಾದ ಚೈತ್ರದಲ್ಲಿ ಎತ್ತ ನೆರೆಯುತ್ತದೆ, ಹೊಸನೀರು ಕೆಂಪಾಗಿ ನುಗ್ಗಿದಾಗ ಎತ್ತ ಈಜುತ್ತದೆ ಎಂಬುದೆಲ್ಲ ಕೊಡುವ ಕೈಗೆ ಮಾತ್ರ ತಿಳಿಯುವ ವಿದ್ಯೆ.

ಮುಂಗಾರಿನ ಆರಂಭಕ್ಕೆ ಮಿರಗ, ಎಂದರೆ ಮೃಗಶಿರಾ ಮಳೆ, ಹೂಡಿದಾಗ ಮೀನು ಉಣ್ಣಬೇಕೆಂಬುದು ಹಿಂದೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆಯ ರೂಢಿ. ಬಿಸಿಲಿನಿಂದ ತಂಪಿಗೆ ತಿರುಗುವ ಕಾಲದಲ್ಲಿ ಮೈಗೆ ಕಾವು ಬೇಕೆಂದು ಹಿರಿಯರು ಹೇಳುವರು. ಹುಣಿಸೆಯ ರಸದಲ್ಲಿ ಕುದಿದು, ಖಾರದಲ್ಲಿ ಕೆಂಪೇರಿ, ಮಾರನೆಯ ದಿನಕ್ಕೆ ಇಮ್ಮಡಿ ರುಚಿಗೊಂಡ ಮೀನಿನ ಸಾರನ್ನು ಬಿಸಿ ಜೋಳದ ರೊಟ್ಟಿಯೊಡನೆ ಉಂಡವನಿಗೆ ಆ ರೂಢಿಗೆ ಬೇರೆ ಸಮರ್ಥನೆ ಬೇಕಾಗುವುದಿಲ್ಲ. ಹಿಡಿದುದನ್ನು ಒಬ್ಬನೇ ಉಣ್ಣುವ ಪದ್ಧತಿ ದಂಡೆಯವರಲ್ಲಿಲ್ಲ. ದಾರ ಸಿಕ್ಕಾದಾಗ ಬಿಡಿಸಿಕೊಟ್ಟ ಹುಡುಗನ ಮನೆಗೊಂದು, ತೆಪ್ಪದವನ ಮನೆಗೊಂದು ಎಂದು ಪಾಲು ಹೋಗಿಯೇ ಹೋಗುವುದು.

ಆದರೆ ಅದೇ ಮಿರಗದ ಮಳೆಯೊಡನೆ ಮೀನುಗಳ ಸಂತಾನದ ಕಾಲವೂ ಬರುತ್ತದೆ. ಆಗ ಕೊರವ ಮೀನಿನ ಮರಿಗಳು ದಡದ ಬಳಿ ಕೆಂಪನೆಯ ಗುಂಪಾಗಿ ತೇಲುವುದನ್ನೂ, ಅವುಗಳ ಅಡಿಯಲ್ಲಿ ತಂದೆಯು ಆಹಾರವನ್ನು ಲೆಕ್ಕಿಸದೆ ಕಾವಲಿರುವುದನ್ನೂ ಕಂಡವನು ಗಾಳವನ್ನು ಎತ್ತಿಡದೆ ಇರಲಾರನು. ಪಶ್ಚಿಮ ಕರಾವಳಿಯಲ್ಲಿ ಜೂನ್ ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯಬಾರದೆಂಬ ಕಟ್ಟಳೆಯಿರುವುದು ಈ ಕಾರಣಕ್ಕೇ; ನನ್ನ ಕೋಲು ಕೂಡ ಆ ಕಾಲದಲ್ಲಿ ಅಟ್ಟವನ್ನು ಸೇರುತ್ತದೆ. ಇನ್ನು ಕಾಟ್ಲ, ರೋಹು, ಮೃಗಾಲಗಳು ಹರಿಯುವ ಹೊಳೆಯ ನೆರೆನೀರಿನಲ್ಲಿ ತತ್ತಿಯಿಡುವವೇ ಹೊರತು ನಿಂತ ಕೆರೆಯಲ್ಲಿ ತಾವಾಗಿ ಇಡಲಾರವು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ ಚೌಧುರಿ ಮತ್ತು ಕೆ. ಎಚ್. ಅಲಿಕುನ್ಹಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಕುಲದ ಮೀನಿನಿಂದ ಮರಿ ಪಡೆದುದರಿಂದಲೇ ಎರೆನಾಡಿನ ಜಲಾಶಯಗಳಿಗೂ ಇಷ್ಟು ಸಮೃದ್ಧವಾಗಿ ಮೀನುಮರಿ ದೊರೆಯುವಂತಾಯಿತು. ಆ ದಿನವನ್ನೇ ದೇಶವು ಮತ್ಸ್ಯಕೃಷಿಕರ ದಿನವೆಂದು ಆಚರಿಸುತ್ತದೆ. ಅಂದಮೇಲೆ ನನ್ನ ಗಾಳಕ್ಕೆ ಬೀಳುವ ಪ್ರತಿಯೊಂದು ರೋಹುವಿನ ಹಿಂದೆಯೂ ಯಾರೋ ಮೊದಲೇ ಕೊಟ್ಟುದು ಇದೆ: ವಿಜ್ಞಾನಿಯ ತಪಸ್ಸು, ಮರಿ ಬಿಟ್ಟವರ ಶ್ರಮ, ಹೊಲ ಮುಳುಗಿಸಿಕೊಂಡ ರೈತನ ತ್ಯಾಗ.

ಪಡೆಯುವ ಮುನ್ನ ಕೊಡಬೇಕೆಂಬ ಅರಸನ ಪಾಠವನ್ನು ಇಂದಿನ ದಂಡೆಗೆ ಅನ್ವಯಿಸಿಕೊಳ್ಳುವುದು ಸುಲಭ. ತುಂಡಾದ ನೈಲಾನ್ ದಾರವನ್ನು ಕೊಕ್ಕರೆಯ ಕಾಲಿಗೆ ಬಿಡದೆ ಜೇಬಿಗೆ ಹಾಕಿಕೊಳ್ಳುವುದು, ಪ್ಲಾಸ್ಟಿಕ್ ಚೀಲಗಳನ್ನು ಆರಿಸುವುದು, ಅಂಗೈಗಿಂತ ಕಿರಿದಾದ ಮೀನನ್ನು ಒದ್ದೆಗೈಯಿಂದ ಹಿಡಿದು ಮರಳಿ ನೀರಿಗೆ ಬಿಡುವುದು, ಇವೆಲ್ಲ ಹಿಂಡಿಯ ಉಂಡೆಯಷ್ಟೇ ನಿಜವಾದ ಪೋಷಣೆಗಳು. ಇವು ಮಕ್ಕಳಿಗೆ ಬೇಗ ಹತ್ತುತ್ತವೆ. ಬೆಂಡು ಅಲುಗುವುದನ್ನು ನೋಡುತ್ತ ಕುಳಿತ ಹುಡುಗನಿಗೆ ಸಹನೆಯನ್ನು ಬೇರೆ ಬೋಧಿಸಬೇಕಾಗಿಲ್ಲ. ಆದುದರಿಂದ ಜಲಾಶಯಕ್ಕೆ ಮೀನುಮರಿ ಬಿಡುವ ದಿನ ಮಹಾಗಾಂವದ ಶಾಲೆಯ ಮಕ್ಕಳನ್ನೂ ದಂಡೆಗೆ ಕರೆದುತಂದು, ಸೋಮೇಶ್ವರನ ಹೆಸರನ್ನು ಅವರಿಗೆ ಹೇಳಿ, ಒಬ್ಬೊಬ್ಬರ ಕೈಯಿಂದಲೂ ಒಂದೊಂದು ಹಿಡಿ ಮರಿಗಳನ್ನು ನೀರಿಗೆ ಬಿಡಿಸಬೇಕೆಂಬುದು ನನ್ನ ಬಯಕೆ. ಗಾಳ ಕಟ್ಟುವುದನ್ನು ಅನಂತರ ನಾನೇ ಕಲಿಸಿಕೊಡುವೆನು.