ಮಾವನ ಜೋಂಗಾಕ್ಕೆ ಹೊಸ ಕಾರ್ಬೊರೇಟರ್

ಅರಸೀಕೆರೆ ಎಂದರೆ ಎಲ್ಲರಿಗೂ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ನೆನಪಾಗುತ್ತದೆ. ನಮ್ಮದು ಅದಲ್ಲ, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಇಷ್ಟೆಲ್ಲಾ ಆದರೂ ಅಲುಗಾಡದೆ ನಿಂತಿದ್ದು ಮಾವನ ಜೋಂಗಾ. ನಿಜಕ್ಕೂ ನಿಂತಿತ್ತು, ಮನೆ ಮುಂದಿನ ಬೇವಿನ ಮರದ ಕೆಳಗೆ.

ನಾವು ಅಂದರೆ ಇಬ್ಬರು. ಪತ್ರಿಕೋದ್ಯಮ ಓದಿ ಊರಿಗೆ ವಾಪಸ್ಸಾದವರು. ಒಬ್ಬ ಮಾವನ ಅಕ್ಕನ ಮಗ, ಇನ್ನೊಬ್ಬ ಅವನ ಹಾಸ್ಟೆಲ್ ಗೆಳೆಯ. ಇಬ್ಬರಿಗೂ ಅವರು ಮಾವನೇ.

ಜೋಂಗಾ ಸೈನ್ಯದ ಗಾಡಿ. ನಿಸಾನ್ ಪ್ಯಾಟ್ರೋಲ್ ಗಾಡಿಯ ವಿನ್ಯಾಸವನ್ನು ತಂದು ಜಬಲ್‌ಪುರದ ಕಾರ್ಖಾನೆಯಲ್ಲಿ 1969ರಿಂದ ಮೂವತ್ತು ವರ್ಷ ತಯಾರಿಸಿದರು. ಒಳಗಿರುವುದು 3,956 ಸಿಸಿಯ ಆರು ಸಿಲಿಂಡರಿನ ಎಂಜಿನ್. ಸೈನ್ಯ ಹರಾಜು ಹಾಕಿದ ಇಂಥ ಗಾಡಿಗಳನ್ನು ಕೊಂಡವರಲ್ಲಿ ಬಹಳ ಜನ ಪೆಟ್ರೋಲ್ ಖರ್ಚಿಗೆ ಹೆದರಿ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಮಾವ ಮಾತ್ರ ಹಾಗೇ ಇಟ್ಟುಕೊಂಡಿದ್ದರು. ಆದರೆ ಎರಡು ವರ್ಷದಿಂದ ಅದು ಏರು ಕಂಡರೆ ಕೆಮ್ಮಿ ಆಫ್ ಆಗುತ್ತಿತ್ತು. ಡೀಸೆಲ್ ಎಂಜಿನ್ ಮಾರುವ ದಲ್ಲಾಳಿ ದಿನಾ ಫೋನ್ ಮಾಡತೊಡಗಿದ್ದ. 'ಒಂದು ಅವಕಾಶ ಕೊಡ್ರಿ ಮಾವ' ಎಂದು ಕೇಳಿದೆವು.

'ಭರತ ಹುಣ್ಣಿಮಿಗೆ ನಿಮ್ಮಜ್ಜಿನ ಕೂರಿಸ್ಕೊಂಡು ಉಚ್ಚಂಗಿದುರ್ಗ ಹತ್ತಿಸ್ರಿ ನೋಡೋಣು. ಹತ್ತಲಿಲ್ಲಂದ್ರ ಎಂಜಿನ್ ಗುಜರಿಗೆ' ಎಂದರು.

ಹಳೆಯ ಕಾರ್ಬೊರೇಟರ್ ಬಿಚ್ಚಿ ಕೈಯಲ್ಲಿ ಹಿಡಿದಾಗಲೇ ರೋಗ ಗೊತ್ತಾಯಿತು. ಥ್ರಾಟಲ್‌ನ ಕಡ್ಡಿ ಕೂರುವ ತೂತು ಸವೆದು ಅಗಲವಾಗಿತ್ತು. ಆ ಸಂದಿಯಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿತ್ತು. ಇಂಥದ್ದಕ್ಕೆ ರಿಪೇರಿ ಕಿಟ್ ಹಾಕಿ ಪ್ರಯೋಜನವಿಲ್ಲ. ಹೊಸದೇ ಬೇಕು.

ಯಾವುದು ಬೇಕು? ನಮ್ಮ ಮುಂದೆ ಎರಡು ವೆಬರ್ ಕಾರ್ಬೊರೇಟರ್‌ಗಳಿದ್ದವು. 38/38ರಲ್ಲಿ ಎರಡು ಬಾಯಿ ಒಟ್ಟಿಗೇ ತೆರೆಯುತ್ತವೆ. 32/36ರಲ್ಲಿ ಮೊದಲು ಸಣ್ಣ ಬಾಯಿ, ಪೆಡಲ್ ಇನ್ನಷ್ಟು ಒತ್ತಿದಾಗ ಎರಡನೆಯದು. ನಮ್ಮ ಮನಸ್ಸು ದೊಡ್ಡದರ ಮೇಲೇ ಇತ್ತು. ಆರು ಸಿಲಿಂಡರ್ ಇದೆಯಲ್ಲ ಎಂಬ ಹಮ್ಮು.

ಕೊಳ್ಳುವ ಮೊದಲು ಲೆಕ್ಕ ಹಾಕಿದ್ದು ಒಳ್ಳೆಯದಾಯಿತು. ಎಂಜಿನ್ ಎರಡು ಸುತ್ತಿಗೆ ಒಮ್ಮೆ ಪೂರ್ತಿ ಉಸಿರು ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ 3,600 ಸುತ್ತು ಎಂದರೆ 1,800 ಉಸಿರು, ಉಸಿರಿಗೆ ಸುಮಾರು ನಾಲ್ಕು ಲೀಟರ್ ಗಾಳಿ, ಒಟ್ಟು 7,200 ಲೀಟರ್. ಹಳೆಯ ಎಂಜಿನ್ ಅದರಲ್ಲಿ ಮುಕ್ಕಾಲು ಪಾಲು ಎಳೆದರೆ ಹೆಚ್ಚು. ಅಷ್ಟನ್ನು 32/36 ಆರಾಮವಾಗಿ ಕೊಡುತ್ತದೆ. ಹೊಲದಲ್ಲಿ ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ಜೋರಾಗಿ ಹಾರುತ್ತದಲ್ಲ, ಕಾರ್ಬೊರೇಟರಿನ ಗಂಟಲು ಕಿರಿದಾಗಿರುವುದೂ ಗಾಳಿಯ ವೇಗ ಹೆಚ್ಚಿಸಲಿಕ್ಕೆ. ಆ ವೇಗಕ್ಕೇ ಪೆಟ್ರೋಲ್ ಮೇಲೆದ್ದು ಗಾಳಿಯಲ್ಲಿ ಬೆರೆಯುವುದು. ಗಂಟಲು ಬೇಕಿದ್ದಕ್ಕಿಂತ ಅಗಲವಾದರೆ ನಿಧಾನ ಓಟದಲ್ಲಿ ಗಾಳಿಗೆ ಎಳೆತವೇ ಇರುವುದಿಲ್ಲ. ಜೋಂಗಾ ಏರು ಹತ್ತುವುದು ನಿಧಾನವಾಗಿಯೇ. ಹಾಗಾಗಿ 32/36 ತರಿಸಿದೆವು.

ಹಳೆಯ ಮ್ಯಾನಿಫೋಲ್ಡಿನ ಬೋಲ್ಟಿಗೂ ಹೊಸದರ ತೂತಿಗೂ ಹೊಂದಲಿಲ್ಲ. ದಾವಣಗೆರೆಯ ಲೇತ್ ಅಂಗಡಿಯಲ್ಲಿ ಅಲ್ಯೂಮಿನಿಯಂ ಪ್ಲೇಟಿನಿಂದ ನಡುವೆ ಕೂರುವ ಅಡಾಪ್ಟರ್ ಮಾಡಿಸಿದೆವು. ಬ್ಯಾಟರಿ ವೈರ್ ತೆಗೆದಿಟ್ಟು, ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದೆವು. ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಬದಲಿಸಿದೆವು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಹಳೆಯ ಕಾಲದ ರಬ್ಬರ್ ಅದನ್ನು ತಾಳುವುದಿಲ್ಲ.

ಗಾಡಿ ಸ್ಟಾರ್ಟ್ ಆಯಿತು. ಆದರೆ ಐಡಲ್‌ನಲ್ಲಿ ಒಮ್ಮೆ ಏರುವುದು, ಒಮ್ಮೆ ಇಳಿಯುವುದು. ಅಡಾಪ್ಟರಿನ ಸುತ್ತ ಬ್ರಷ್‌ನಿಂದ ಸೋಪಿನ ನೀರು ಹಚ್ಚಿದರೆ ಒಂದು ಮೂಲೆಯಲ್ಲಿ ನೊರೆ ಒಳಕ್ಕೆ ಎಳೆದುಕೊಂಡಿತು. ಪ್ಲೇಟ್ ಒಂಚೂರು ಸೊಟ್ಟ. ಮತ್ತೆ ದಾವಣಗೆರೆ ಬಸ್ಸು.

ಸೋರಿಕೆ ನಿಂತ ಮೇಲೆ ಪ್ಲಗ್ ಬಿಚ್ಚಿ ಸಾಲಾಗಿ ಇಟ್ಟು ನೋಡಿದೆವು. ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಕಾಫಿ ಬಣ್ಣವಿದ್ದರೆ ಸರಿ. ನಮ್ಮವು ನಡುವಿನ ಎರಡು ಕಾಫಿ ಬಣ್ಣ, ತುದಿಯ ಎರಡು ಬಿಳಿ. ಒಂದೇ ಕಾರ್ಬೊರೇಟರ್ ನಡುವೆ ನಿಂತು ಆರು ಜನರ ಪಂಕ್ತಿಗೆ ಬಡಿಸುವ ಎಂಜಿನ್ ಇದು. ಹತ್ತಿರ ಕೂತವರಿಗೆ ಸಿಕ್ಕಷ್ಟು ಕೊನೆಯವರಿಗೆ ಸಿಗುವುದಿಲ್ಲ. ಜೊತೆಗೆ ಎಥೆನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಮಿಶ್ರಣ ಇನ್ನೂ ತೆಳುವಾಗುತ್ತದೆ. ಮೇನ್ ಜೆಟ್ 140ರಿಂದ 145ಕ್ಕೆ ಏರಿಸಿದೆವು. 140 ಅಂದರೆ 1.40 ಮಿಲಿಮೀಟರ್ ತೂತು. ಕೂದಲೆಳೆಯಷ್ಟು ವ್ಯತ್ಯಾಸ, ಪ್ಲಗ್ಗಿನ ಬಣ್ಣವೇ ಬದಲಾಯಿತು.

ಆದರೂ ಏರಿನಲ್ಲಿ ದಮ್ಮಿಲ್ಲ. ಹದಿನೈದು ದಿನ ಜೆಟ್ಟನ್ನು ಬೈದೆವು, ಪೆಟ್ರೋಲನ್ನು ಬೈದೆವು, ಮಾರಿದವನನ್ನೂ ಬಿಡಲಿಲ್ಲ. ಕೊನೆಗೆ ಎಂಜಿನ್ ಆಫ್ ಇದ್ದಾಗ ಒಬ್ಬರು ಪೆಡಲನ್ನು ಪೂರ್ತಿ ಒತ್ತಿ, ಇನ್ನೊಬ್ಬರು ಮೇಲಿಂದ ಇಣುಕಿದೆವು. ಎರಡನೇ ಬಾಯಿ ತೆರೆದೇ ಇರಲಿಲ್ಲ! ಹಳೆಯ ಪೆಡಲ್ ರಾಡಿನ ಎಳೆತ ಹೊಸ ಕಾರ್ಬೊರೇಟರಿಗೆ ಸಾಲುತ್ತಿರಲಿಲ್ಲ. ಅಷ್ಟು ದಿನ ಅರ್ಧ ಕಾರ್ಬೊರೇಟರಿನಲ್ಲೇ ಓಡಿಸಿದ್ದೆವು. ಸುದ್ದಿ ಬರೆಯುವ ಮೊದಲು ಸ್ಥಳಕ್ಕೆ ಹೋಗಿ ಕಣ್ಣಾರೆ ನೋಡಬೇಕು ಎಂದು ಕ್ಲಾಸಿನಲ್ಲಿ ಕಲಿತವರು ನಾವು. ರಾಡಿನ ಕೊಂಡಿ ಬದಲಿಸಲು ಹಿಡಿದದ್ದು ಅರ್ಧ ಗಂಟೆ.

ಭರತ ಹುಣ್ಣಿಮೆಯ ದಿನ ಅಜ್ಜಿ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಬುತ್ತಿ, ಮಕ್ಕಳು, ನಾವು. ಸ್ಟೇರಿಂಗ್ ಮಾವನ ಕೈಯಲ್ಲಿ. ಏರಿನ ನಡುವೆ ಭಕ್ತರ ಟ್ರ್ಯಾಕ್ಟರುಗಳ ಸಾಲು ನಿಂತುಬಿಟ್ಟಿತು. ಮೊದಲು ಗಾಡಿ ಆಫ್ ಆಗುತ್ತಿದ್ದುದೇ ಇಂಥ ಕಡೆ. ಮಾವ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಸಾಲು ಸರಿದಾಗ ಕ್ಲಚ್ ಬಿಟ್ಟರು. ಜೋಂಗಾ ಒಂದು ಸಲವೂ ಕೆಮ್ಮದೆ ಎದ್ದು ಹೊರಟಿತು.

'ದಮ್ಮು ವಾಸಿ ಆಗೇತಿ ಇದಕ್ಕ' ಎಂದರು ಅಜ್ಜಿ.

ಮೈಲೇಜ್ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಲೀಟರಿಗೆ ನಾಲ್ಕು ಕಿಲೋಮೀಟರ್ ಇದ್ದದ್ದು ಐದರ ಹತ್ತಿರ ಬಂದಿದೆ, ಅಷ್ಟೇ. ದಿನಾ ಓಡಿಸುವವರಿಗೆ ಈ ಗಾಡಿ ಲಾಭದ್ದಲ್ಲ.

ವಾಪಸ್ ಬರುವಾಗ ಬಂಕಿನಲ್ಲಿ ನಿಂತೆವು. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಮೆಕ್ಕೆಜೋಳದಿಂದಲೂ ತಯಾರಾಗುತ್ತದೆ. ನಮ್ಮ ಸುತ್ತಲಿನ ಹೊಲಗಳ ತುಂಬ ಅದೇ ಬೆಳೆ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಇದ್ದರೂ ಮಾವನ ಜೋಳ ಅದಕ್ಕಿಂತ ಕಡಿಮೆಗೆ ಹೋಗಿತ್ತು. ಅವರು ಮೀಟರಿನ ಅಂಕಿಗಳನ್ನೇ ನೋಡುತ್ತಾ, 'ನಮ್ಮ ಜೋಳ ಅಗ್ಗಕ್ಕ ಒಯ್ದು, ನಮಗ ಈ ರೇಟಿಗೆ ಕುಡಿಸ್ತಾರ ನೋಡ್ರಪ್ಪಾ' ಎಂದರು. ನಮಗೆ ಉತ್ತರ ಹೊಳೆಯಲಿಲ್ಲ. ಆ ಲೆಕ್ಕ ಜೆಟ್ ಬದಲಿಸಿದರೆ ಸರಿಹೋಗುವಂಥದ್ದಲ್ಲ.

ಅಷ್ಟರಲ್ಲಿ ದಲ್ಲಾಳಿಯ ಫೋನ್ ಬಂತು. 'ಸದ್ಯಕ್ಕ ಬ್ಯಾಡ್ರಿ' ಎಂದು ಮಾವ ಫೋನ್ ಇಟ್ಟರು.