ವಿಷವನ್ನು ಎಲ್ಲಿ ಬಿಡುವುದು?

ಗೆದ್ದ ರಾಜ್ಯವನ್ನು ನಿಂತ ನೆಲದಲ್ಲಿಯೇ ಬಿಟ್ಟು ತಪಸ್ಸಿಗೆ ನಡೆದ ಬಾಹುಬಲಿಯ ಕಥೆ ಪಂಪನ ‘ಆದಿಪುರಾಣ’ದಿಂದ ತೊಡಗಿ ಕನ್ನಡಕ್ಕೆ ಸುಪರಿಚಿತ. ಆಯುಧವನ್ನು ಕೆಳಗಿಟ್ಟವನನ್ನು ನಮ್ಮ ಪರಂಪರೆ ಮನಸಾರೆ ಗೌರವಿಸಿದೆ. ಆದರೆ ಆ ಕಾಲದ ಆಯುಧ ಕಬ್ಬಿಣದ್ದು. ಕೆಳಗಿಟ್ಟ ಖಡ್ಗ ತುಕ್ಕು ಹಿಡಿದು ಮಣ್ಣಿಗೆ ಸೇರುತ್ತದೆ. ಇಪ್ಪತ್ತನೆಯ ಶತಮಾನ ಸೃಷ್ಟಿಸಿದ ರಾಸಾಯನಿಕ ಅಸ್ತ್ರ ಹಾಗಲ್ಲ. ಅದನ್ನು ಬಳಸೆನೆಂದು ಪ್ರತಿಜ್ಞೆ ಮಾಡಿದ ಮೇಲೆಯೂ ಅದು ಕೊಲ್ಲಬಲ್ಲುದು.

ಎರಡನೆಯ ಮಹಾಯುದ್ಧ ಮುಗಿದಾಗ ಗೆದ್ದ ರಾಷ್ಟ್ರಗಳು ವಿಷಾಸ್ತ್ರಗಳ ರಾಶಿಯನ್ನು ಬಾಲ್ಟಿಕ್ ಮೊದಲಾದ ಸಮುದ್ರಗಳಿಗೆ ಸುರಿದವು. ದಶಕಗಳ ತರುವಾಯವೂ ಬೆಸ್ತರ ಬಲೆಗೆ ಸಾಸಿವೆ ಅನಿಲದ ಗಟ್ಟಿಗಳು ಸಿಕ್ಕಿ ಮೈ ಸುಟ್ಟಿವೆ. 1997ರ ಏಪ್ರಿಲ್ 29ರಂದು ಜಾರಿಗೆ ಬಂದ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದವು ಈ ಅಸ್ತ್ರಗಳನ್ನು ನೀರಿಗೆ ಎಸೆಯುವುದು, ನೆಲದಲ್ಲಿ ಹೂಳುವುದು, ಬಯಲಿನ ಗುಂಡಿಯಲ್ಲಿ ಸುಡುವುದು, ಈ ಮೂರನ್ನೂ ನಿಷೇಧಿಸಿತು. ಭಾರತ ಅದೇ ವರ್ಷ ತನ್ನ ಸಂಗ್ರಹವನ್ನು ಘೋಷಿಸಿ, ಸುಮಾರು 1,044 ಟನ್ ಸಾಸಿವೆ ಅನಿಲದ ನಾಶವನ್ನು 2009ರಲ್ಲಿ ಪೂರ್ಣಗೊಳಿಸಿತು. ಜಗತ್ತಿನಲ್ಲಿ ಘೋಷಿತವಾದ 72,000 ಟನ್ನಿಗೂ ಮಿಕ್ಕ ಸಂಗ್ರಹದ ಕೊನೆಯ ಪಾಲನ್ನು ಅಮೆರಿಕ 2023ರ ಜುಲೈ 7ರಂದು ಮುಗಿಸಿತು. ಕೊಲೊರಾಡೋದ ಪ್ಯೂಬ್ಲೋದಲ್ಲಿ ಸಾಸಿವೆ ಅನಿಲವನ್ನು ಬಿಸಿನೀರಿನಿಂದ ಒಡೆದು, ಕ್ಷಾರದಿಂದ ಶಮನಗೊಳಿಸಿ, ಉಳಿದ ದ್ರವವನ್ನು ಬ್ಯಾಕ್ಟೀರಿಯಾಗಳಿಗೆ ಉಣಿಸಿದರು. ಮನುಷ್ಯ ಮಾಡಿದ ವಿಷವನ್ನು ಕಣ್ಣಿಗೆ ಕಾಣದ ಜೀವಿಗಳು ಜೀರ್ಣಿಸಿಕೊಂಡವು.

ಅಸ್ತ್ರವೆಂಬ ಹೆಸರಿಲ್ಲದ ವಿಷಕ್ಕೆ ಇಷ್ಟು ಕಟ್ಟೆಚ್ಚರ ದೊರೆಯುವುದಿಲ್ಲ. ಕಾಸರಗೋಡಿನ ಗೇರುತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಣ್ಮಕಜೆಯಂತಹ ಗ್ರಾಮಗಳನ್ನು ನರಳಿಸಿದ ಸಂಗತಿ ಎಲ್ಲರಿಗೂ ತಿಳಿದಿದೆ. ಸಿಂಪಡಣೆ 2000ದ ಹೊತ್ತಿಗೆ ನಿಂತಿತು; 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ತಡೆ ವಿಧಿಸಿತು. ಆದರೆ ಉಳಿದ ವಿಷ ತೋಟಗಾರಿಕಾ ನಿಗಮದ ಗೋದಾಮುಗಳಲ್ಲಿ ಪೀಪಾಯಿಗಳಲ್ಲಿಯೇ ಇತ್ತು. ಸೋರುವ ಹಳೆಯ ಪೀಪಾಯಿಗಳಿಂದ ಹೊಸವಕ್ಕೆ ಅದನ್ನು ವರ್ಗಾಯಿಸಿದ್ದು 2012ರಲ್ಲಿ. ಒಂದಿಷ್ಟನ್ನು ಪಾಳುಬಾವಿಯಲ್ಲಿ ಹೂಳಲಾಗಿದೆ ಎಂಬುದು ಮಿಂಚಿನಪದವಿನ ಸುತ್ತಲಿನವರ ಬಹುಕಾಲದ ದೂರು. ನಿಷೇಧದ ಸುದ್ದಿ ಪತ್ರಿಕೆಯ ಮುಖಪುಟಕ್ಕೆ ಬಂದಿತ್ತು. ಪೀಪಾಯಿಗಳ ಪಾಡು ಅಲ್ಲಿಗೆ ಬರಲಿಲ್ಲ.

ನನ್ನೂರು ಮತ್ತಿಘಟ್ಟದಲ್ಲಿಯೂ ಈ ಪ್ರಶ್ನೆ ಸಣ್ಣ ರೂಪದಲ್ಲಿ ಎದುರಾಯಿತು. ಹಿರಿಯರ ಮನೆಯ ಅಟ್ಟವನ್ನು ತೆರವು ಮಾಡುವಾಗ, ಕೊಳೆರೋಗಕ್ಕೆ ಬಳಸುವ ಮೈಲುತುತ್ತದ ಚೀಲಗಳ ಹಿಂದೆ, ಗೆದ್ದಲಿಗೆಂದು ತಂದಿದ್ದ ಬಿಎಚ್‌ಸಿ ಪುಡಿಯ ತಗಡಿನ ಡಬ್ಬವೊಂದು ಸಿಕ್ಕಿತು. ದೇಶದಲ್ಲಿ 1997ರಲ್ಲಿಯೇ ನಿಷಿದ್ಧವಾದ ವಸ್ತು. ಬೆಟ್ಟದಲ್ಲಿ ಹೂಳೋಣವೆಂದರು ಒಬ್ಬರು. ನಮ್ಮ ಘಟ್ಟದ ಮಳೆಗೆ ಬೆಟ್ಟದ ನೀರು ಅಡಿಕೆತೋಟದ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ ಇಳಿಯದೆ ಇರುತ್ತದೆಯೆ? ಬಚ್ಚಲೊಲೆಗೆ ಹಾಕಿದರೆ ಹೊಗೆ ವಿಷ. ಇಂತಹ ಕ್ಲೋರಿನ್ ಸಂಯುಕ್ತಗಳನ್ನು ಸುಡಲು 1,100 ಡಿಗ್ರಿ ಮೀರಿದ ಶಾಖವಿರುವ ಕುಲುಮೆಯೇ ಬೇಕು. ಬೇಕಾದವರಿಗೆ ಕೊಟ್ಟುಬಿಡಿ ಎಂದರು ಇನ್ನೊಬ್ಬರು. ವಿಷವನ್ನೂ ಆಯುಧವನ್ನೂ ಇನ್ನೊಬ್ಬರ ಕೈಗೆ ಕೊಡುವುದನ್ನು ಸಮಂತಭದ್ರಾಚಾರ್ಯರು ‘ಹಿಂಸಾದಾನ’ವೆಂದೇ ಕರೆದಿದ್ದಾರೆ. ವಿಚಾರಿಸಿದ ಕಡೆಗಳಲ್ಲಿ ಒಂದು ಡಬ್ಬವನ್ನು ಸ್ವೀಕರಿಸುವ ವ್ಯವಸ್ಥೆ ಇರಲಿಲ್ಲ. ಅದೀಗ ಪ್ಲಾಸ್ಟಿಕ್ ಡ್ರಮ್ಮಿನೊಳಗೆ, ಹೆಸರು ಬರೆದ ಚೀಟಿಯೊಂದಿಗೆ, ಮಕ್ಕಳ ಕೈಗೆಟುಕದ ಬೀಗದ ಕೋಣೆಯಲ್ಲಿದೆ.

ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ಮಲಮೂತ್ರಾದಿಗಳನ್ನು ಬಿಡುವಾಗಲೂ ನೆಲವನ್ನು ನೋಡಿ, ಜೀವಬಾಧೆಯಿಲ್ಲದ ಕಡೆಯಲ್ಲಿ ಬಿಡಬೇಕೆಂಬ ನಿಯಮ ಅದು. ಪಾಠ ಹೇಳುವಾಗ ಇದನ್ನು ನಾವು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಸಾಗುತ್ತೇವೆ. ಆದರೆ ಬಿಡುವ ಕ್ರಿಯೆಯೇ ಹಿಂಸೆಯಾಗಬಹುದು ಎಂಬ ಅರಿವು ಅದರಲ್ಲಿದೆ. 1997ರ ಒಪ್ಪಂದದ ಮೂರು ನಿಷೇಧಗಳು ಈ ಅರಿವಿಗೆ ತೀರ ಸಮೀಪವಾಗಿವೆ.

ಸಾವಿರ ಟನ್ ಅಸ್ತ್ರವನ್ನು ಕ್ರಮಬದ್ಧವಾಗಿ ಕಳೆದ ದೇಶಕ್ಕೆ ಅಟ್ಟದ ಮೇಲಿನ ಡಬ್ಬಗಳು ಭಾರವಾಗಬಾರದು. ತಾಲೂಕಿಗೊಂದು ಕಡೆ, ವರ್ಷಕ್ಕೊಂದು ದಿನ, ಹಳೆಯ ಕೀಟನಾಶಕಗಳನ್ನು ಪಡೆದು ಸರಿಯಾದ ಕುಲುಮೆಗೆ ಕಳುಹಿಸುವ ಏರ್ಪಾಡಾದರೆ ಸಾಕು. ಶಿರಸಿಯಲ್ಲಿ ಅಂತಹ ದಿನ ಗೊತ್ತಾದರೆ ಮತ್ತಿಘಟ್ಟದಿಂದ ಡಬ್ಬ ಹೊತ್ತು ಹೊರಡುವವನು ನಾನೊಬ್ಬನೇ ಆಗಿರಲಾರೆ.